ಕಾರ್ಖಾನೆಗೆ ಜಮೀನು, ಪುಪುಸಾಗೆ ಪರವಾನಗಿ

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ಚ್ಯಾಥಮ್ ಅಂತ ಒಂದು ಕೌಂಟಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು ಅಂದುಕೊಳ್ಳಿ. ಅದರ ಪೂರ್ವದ ಅಂಚಿನಲ್ಲಿ ಹೆದ್ದಾರಿಗೆ ಅಂಟಿಕೊಂಡಿರುವ ಮಾಂಕ್ಯೂರ್ ಊರಿನ ಪಕ್ಕ 1,700 ಎಕರೆಗೂ ಮಿಕ್ಕಿದ ಜಮೀನು ವಿಯೆಟ್ನಾಮಿನ ವಿನ್‌ಫಾಸ್ಟ್ ಕಂಪನಿಗಾಗಿ ಮೀಸಲಾಗಿತ್ತು. 2022ರ ಮಾರ್ಚ್‌ನಲ್ಲಿ ಕಂಪನಿ ಇಲ್ಲಿ ವಿದ್ಯುತ್ ಕಾರು ತಯಾರಿಸುವುದಾಗಿ ಸಾರಿತು. 400 ಕೋಟಿ ಡಾಲರ್ ಬಂಡವಾಳ, 7,500 ಜನರಿಗೆ ಕೆಲಸ. ರಾಜ್ಯವೂ ಕೌಂಟಿಯೂ ಸೇರಿ ಸುಮಾರು 120 ಕೋಟಿ ಡಾಲರಿನಷ್ಟು ಸವಲತ್ತಿಗೆ ಒಪ್ಪಿಕೊಂಡವು. 2023ರ ಜುಲೈನಲ್ಲಿ ಗುದ್ದಲಿ ಪೂಜೆ ಮುಗಿಯಿತು. ಮರುವರ್ಷ ಜುಲೈನಲ್ಲಿ ಕಂಪನಿಯಿಂದ ಸುದ್ದಿ ಬಂತು: ಕಾರ್ಖಾನೆ ಶುರುವಾಗುವುದು 2028ಕ್ಕೆ.

ಅದೇ ಕೌಂಟಿಯ ಪಶ್ಚಿಮಕ್ಕೆ ಸೈಲರ್ ಸಿಟಿ. ಹೆಸರಿಗೆ ಸಿಟಿ, 2020ರ ಜನಗಣತಿಯಲ್ಲಿ 7,702 ಜನ. ಅವರಲ್ಲಿ ಅರ್ಧದಷ್ಟು ಮಂದಿ ಮೆಕ್ಸಿಕೊ, ಗ್ವಾಟೆಮಾಲ, ಎಲ್ ಸಾಲ್ವಡಾರ್, ಹೊಂಡುರಾಸ್ ಕಡೆಯ ಮನೆತನದವರು. ಪೇಟೆ ಬೀದಿಯಲ್ಲಿ ನಡೆದರೆ ಬೇಕರಿ, ಟಯರ್ ಅಂಗಡಿ, ಊರಿಗೆ ಹಣ ಕಳಿಸುವ ಕೌಂಟರ್, ಹುಡುಗಿಯರ ಹದಿನೈದನೇ ಹುಟ್ಟುಹಬ್ಬಕ್ಕೆ ಹೊಲಿಯುವ ಘೇರುದಾರ್ ಗೌನುಗಳ ಅಂಗಡಿ, ಎಲ್ಲದರ ಬೋರ್ಡೂ ಸ್ಪ್ಯಾನಿಷ್‌ನಲ್ಲಿ. ಈ ಅಂಗಡಿಯವರಲ್ಲಿ ಯಾರಿಗೂ ಯಾರೂ ಗುದ್ದಲಿ ಪೂಜೆ ಮಾಡಿಕೊಟ್ಟಿಲ್ಲ.

ಸ್ಥಳೀಯ ಆರ್ಥಿಕ ಅಭಿವೃದ್ಧಿ ಎಂಬ ಹೆಸರಿನಲ್ಲಿ ನಡೆಯುವ ಕೆಲಸದ ಎರಡು ಮುಖವನ್ನೂ ಒಂದೇ ಕೌಂಟಿಯಲ್ಲಿ ನೋಡಬಹುದು ಅಂತ ಇದನ್ನು ಆರಿಸಿಕೊಂಡೆ. ಇನ್ನೊಂದು ಕಾರಣ, ಇಲ್ಲಿನ ಚಿಲ್ಲರೆ ಲೆಕ್ಕ ನನ್ನ ಕೈ ಮೇಲೆಯೇ ಓಡಾಡುತ್ತದೆ. ನಾನಿರುವುದು ಪಕ್ಕದ ಕೌಂಟಿಯ ಕ್ಯಾರಿಯಲ್ಲಿ. ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಬರೆದು ತೆರಿಗೆ ಕಟ್ಟಿಸುವುದು ನನ್ನ ಕಸುಬು. ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಕಿರ್ದಿ, ಖತಾವಣಿ ಎಂಬ ಶಬ್ದಗಳು ಅ ಆ ಇ ಈಗಿಂತ ಮೊದಲೇ ಕಿವಿಗೆ ಬಿದ್ದಿದ್ದವು. ಯಾರಾದರೂ "ಇಷ್ಟು ಕೋಟಿ ಬಂಡವಾಳ" ಅಂದರೆ ಆ ಹಣ ಯಾರ ಕೈಯಿಂದ, ಯಾವ ತಾರೀಖಿಗೆ, ಯಾವ ಷರತ್ತಿನ ಮೇಲೆ ಎಂದು ಕೇಳುವ ಕೆಟ್ಟ ಚಾಳಿ ಅಲ್ಲಿಂದ ಬಂದದ್ದು.

ಆ ಚಾಳಿಯಿಂದಲೇ ಮೊದಲು ದೊಡ್ಡ ಕಂಪನಿಯ ಲೆಕ್ಕ ನೋಡೋಣ. ಪತ್ರಿಕೆಯಲ್ಲಿ "ವಿದೇಶಿ ಕಂಪನಿಗೆ ಸರ್ಕಾರದ ಕೋಟಿ ಕೋಟಿ" ಅಂತ ಓದಿದಾಗ ಯಾರೋ ಚೆಕ್ ಬರೆದುಕೊಟ್ಟರು ಅನ್ನಿಸುತ್ತದೆ. ನಡೆಯುವುದು ಬೇರೆ ಥರ. ಈ ರಾಜ್ಯದಲ್ಲಿ ಜೆಡಿಐಜಿ ಎಂಬ ಯೋಜನೆಯಿದೆ, 2002ರ ಕಾಯ್ದೆಯಿಂದ ಬಂದದ್ದು. ಕಂಪನಿ ಹೊಸದಾಗಿ ಜನರನ್ನು ಸೇರಿಸಿಕೊಂಡು ಸಂಬಳ ಕೊಡುತ್ತದೆ. ಆ ಸಂಬಳದಿಂದ ರಾಜ್ಯದ ಆದಾಯ ತೆರಿಗೆ ಮುರಿದು ಖಜಾನೆಗೆ ಕಟ್ಟುತ್ತದೆ. ವರ್ಷ ಕಳೆದ ಮೇಲೆ ಅಧಿಕಾರಿಗಳು ಎಷ್ಟು ಜನ, ಸರಾಸರಿ ಎಷ್ಟು ಸಂಬಳ, ಬಂಡವಾಳ ಎಷ್ಟು ಹೂಡಿದ್ದೀರಿ ಎಂದು ಪರಿಶೀಲಿಸಿ, ಕಟ್ಟಿದ ತೆರಿಗೆಯಲ್ಲಿ ಒಂದು ಪಾಲನ್ನು ಕಂಪನಿಗೆ ಹಿಂದಿರುಗಿಸುತ್ತಾರೆ. ಸಾಮಾನ್ಯವಾಗಿ 12 ವರ್ಷದವರೆಗೆ. ವಿನ್‌ಫಾಸ್ಟ್‌ನಂಥ ಭಾರೀ ಯೋಜನೆಗೆ ಅದನ್ನು 32 ವರ್ಷಕ್ಕೆ ಎಳೆದಿದ್ದರು. ಕೆಲಸ ಹುಟ್ಟದಿದ್ದರೆ ಕಾಸೂ ಇಲ್ಲ. ಯೋಜನೆ ಶ್ರೀಮಂತ ಕೌಂಟಿಗೆ ಹೋದರೆ ಮಂಜೂರಾದ ಮೊತ್ತದಲ್ಲಿ ಒಂದು ಭಾಗವನ್ನು ಮುರಿದುಕೊಂಡು ಬಡ ಕೌಂಟಿಗಳ ನೀರು, ಒಳಚರಂಡಿಗೆ ಇಡುತ್ತಾರೆ. ರಾಜ್ಯದ 100 ಕೌಂಟಿಗಳನ್ನು ಪ್ರತಿವರ್ಷ ತೂಗಿ, ತೀರ ಹಿಂದುಳಿದ 40, ಮಧ್ಯದ 40, ಅನುಕೂಲದ 20 ಎಂದು ಮೂರು ಪಂಕ್ತಿ ಮಾಡಿರುತ್ತಾರೆ. ಗುಮಾಸ್ತರ ಮಗಳಾಗಿ ಹೇಳುತ್ತೇನೆ, ಇದು ಚೆನ್ನಾಗಿ ಬರೆದ ಕರಾರು.

ನಮ್ಮ ಇನ್ಫೋಸಿಸ್ ಕೂಡ ಇದೇ ಬಾಗಿಲಿನಿಂದ ಒಳಗೆ ಬಂದದ್ದು. 2017ರಲ್ಲಿ ಅಮೆರಿಕದಲ್ಲಿ 10,000 ಸ್ಥಳೀಯರನ್ನು ಸೇರಿಸಿಕೊಳ್ಳುತ್ತೇವೆ ಎಂದು ಘೋಷಿಸಿ, ಆ ಪೈಕಿ 2,000 ಕೆಲಸ ನಾರ್ತ್ ಕ್ಯಾರೊಲೈನಾಗೆ ಎಂದಿತು. ಮರುವರ್ಷ ರಾಲೀ ನಗರದಲ್ಲಿ ಕೇಂದ್ರ ತೆರೆಯಿತು. ಜೆಡಿಐಜಿ ಅದಕ್ಕೂ ಮಂಜೂರಾಯಿತು. ಜೊತೆಗೆ ಸಿಕ್ಕಿದ್ದು ಇಲ್ಲಿನ ಕಮ್ಯುನಿಟಿ ಕಾಲೇಜಿನ ತರಬೇತಿ. ಹೊಸ ಕಂಪನಿಗೆ ಬೇಕಾದ ಕೆಲಸವನ್ನು ಆ ಕಂಪನಿಯ ಕೆಲಸಗಾರರಿಗೆ ಸರ್ಕಾರಿ ಕಾಲೇಜೇ ಕಲಿಸಿಕೊಡುವ ಪದ್ಧತಿಯನ್ನು ಈ ರಾಜ್ಯ 1950ರ ದಶಕದ ಕೊನೆಯಿಂದಲೇ ನಡೆಸಿಕೊಂಡು ಬಂದಿದೆ. ತಂಬಾಕು, ಜವಳಿ, ಪೀಠೋಪಕರಣ ಎಂಬ ಮೂರು ಕಂಬದ ಮೇಲೆ ನಿಂತಿದ್ದ ರಾಜ್ಯ ಮೂರೂ ಅಲ್ಲಾಡಿದರೂ ಕುಸಿಯದೆ ಉಳಿದದ್ದಕ್ಕೆ ಈ ಕಾಲೇಜುಗಳು, 1959ರಲ್ಲಿ ಹುಟ್ಟಿದ ರಿಸರ್ಚ್ ಟ್ರಯಾಂಗಲ್ ಪಾರ್ಕ್, ಅದಕ್ಕೆ 1965ರಲ್ಲಿ ಬರಲೊಪ್ಪಿದ ಐಬಿಎಂ ಮುಖ್ಯ ಕಾರಣ. ಅಲ್ಲಿಗೆ ನಮ್ಮವರು ಕೆಲಸಕ್ಕೆ ಬಂದು ಕ್ಯಾರಿಯ ಅಂಗಡಿಯಲ್ಲಿ ನನಗೆ ಹಲಸಂದೆ ಕಾಯಿ ಸಿಗುವಂತಾದದ್ದಕ್ಕೂ ಅದೇ ಕಾರಣ.

ಕರಾರು ಚೆನ್ನಾಗಿದೆ, ಸರಿ. ತೂತು ಇರುವುದು ಬೇರೆ ಕಡೆ. ಸಂಬಳದ ಮೇಲಿನ ಪ್ರೋತ್ಸಾಹಧನ ಕೆಲಸ ಆದ ಮೇಲೆ. ಆದರೆ ರಸ್ತೆ, ನೀರಿನ ಕೊಳವೆ, ನೆಲ ಸಮತಟ್ಟು ಇವು ಕೆಲಸಕ್ಕೆ ಮುಂಚೆಯೇ ಆಗಬೇಕು. ಆ ಹಣ ಮೊದಲೇ ಹೋಗುತ್ತದೆ. ಮಾಂಕ್ಯೂರ್‌ನಲ್ಲಿ ಹೊಸ ರಸ್ತೆಯ ನಕ್ಷೆಯೊಳಗೆ ಹಲವರ ಮನೆಗಳು ಬಂದವು, ಒಂದು ಹಳೆಯ ಬ್ಯಾಪ್ಟಿಸ್ಟ್ ಚರ್ಚ್ ಬಂತು. ಕಾರು ತಡವಾದರೆ ತಡವಾಗಲಿ, ಬಿಟ್ಟುಕೊಟ್ಟ ಮನೆ ಹಿಂದಕ್ಕೆ ಬರುವುದಿಲ್ಲ. ಗಡುವಿನೊಳಗೆ ಕಾರ್ಖಾನೆ ಏಳದಿದ್ದರೆ ಜಮೀನನ್ನು ರಾಜ್ಯ ಮರಳಿ ಕೊಳ್ಳಬಹುದು ಎಂಬ ಷರತ್ತೇನೋ ಇದೆ. ಇಂಥ ಷರತ್ತು ಬರೀ ಕಾಗದವಲ್ಲ ಎಂಬುದನ್ನೂ ಈ ರಾಜ್ಯ ಕಂಡಿದೆ. 2005ರಲ್ಲಿ ವಿನ್‌ಸ್ಟನ್-ಸೇಲಂ ನಗರದಲ್ಲಿ ಡೆಲ್ ಕಂಪನಿ ಭಾರೀ ಸವಲತ್ತು ಪಡೆದು ಕಂಪ್ಯೂಟರ್ ಕಾರ್ಖಾನೆ ತೆರೆದು, ಐದು ವರ್ಷ ತುಂಬುವ ಹೊತ್ತಿಗೆ ಮುಚ್ಚಿತು. ನಗರವೂ ಕೌಂಟಿಯೂ ಕೊಟ್ಟ ಹಣವನ್ನು ವಾಪಸ್ ಕಕ್ಕಿಸಿಕೊಂಡವು.

ಹಾಗಂತ ವಿದೇಶಿ ಕಂಪನಿ ಎಂದರೆ ಮೂಗು ಮುರಿಯಬೇಕಾಗಿಲ್ಲ. ಸೈಲರ್ ಸಿಟಿಯಿಂದ ಸ್ವಲ್ಪ ದೂರದಲ್ಲೇ, ಪಕ್ಕದ ಕೌಂಟಿಯ ಲಿಬರ್ಟಿ ಎಂಬಲ್ಲಿ ಟೊಯೊಟಾ ಬ್ಯಾಟರಿ ಕಾರ್ಖಾನೆ ಕಟ್ಟಿದೆ. ಬಿಡದಿಯಲ್ಲಿ 1999ರಿಂದ ಕಾರು ತಯಾರಿಸುತ್ತಿರುವ ಅದೇ ಟೊಯೊಟಾ. 2021ರ ಡಿಸೆಂಬರ್‌ನಲ್ಲಿ ಮಾತು ಕೊಟ್ಟಾಗ ಬಂಡವಾಳ ಸುಮಾರು 130 ಕೋಟಿ ಡಾಲರ್ ಇತ್ತು. ಬರಬರುತ್ತಾ 1,400 ಕೋಟಿಯ ಹತ್ತಿರಕ್ಕೆ ಬೆಳೆಯಿತು. 2025ರಲ್ಲಿ ಉತ್ಪಾದನೆ ಆರಂಭವಾಯಿತು. ಒಂದೇ ರಾಜ್ಯ, ಒಂದೇ ಕಾನೂನು, ಹತ್ತಿರ ಹತ್ತಿರದ ಎರಡು ಜಮೀನು. ಒಂದರಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕಾಯುವಿಕೆ.

ಈಗ ಪುಪುಸಾಗೆ ಬರೋಣ. ಎಲ್ ಸಾಲ್ವಡಾರಿನವರ ಮನೆತಿಂಡಿ ಅದು. ಮೆಕ್ಕೆಜೋಳದ ಹಿಟ್ಟಿನ ಒಳಗೆ ಬೀನ್ಸ್, ಚೀಸ್ ತುಂಬಿ ಹೋಳಿಗೆಯ ಹಾಗೆ ತಟ್ಟಿ ಕಾವಲಿಯ ಮೇಲೆ ಬೇಯಿಸುತ್ತಾರೆ. ಇದನ್ನು ಮಾರಿ ಬದುಕುವ ಹೆಂಗಸೊಬ್ಬರು ನನ್ನಲ್ಲಿಗೆ ಬರುತ್ತಾರೆ. ಹೆಸರು ಬೇಡ. ಮೊದಲು ಕೋಳಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಸೈಲರ್ ಸಿಟಿಗೆ ಸ್ಪ್ಯಾನಿಷ್ ಮಾತಾಡುವ ಜನ ಬಂದದ್ದೇ 1990ರ ದಶಕದಲ್ಲಿ, ಅಲ್ಲಿನ ಕೋಳಿ ಸಂಸ್ಕರಣಾ ಘಟಕಗಳಿಗೆ. ಇಡೀ ರಾಜ್ಯದಲ್ಲಿ 1990ರಲ್ಲಿ ಸುಮಾರು 76 ಸಾವಿರ ಇದ್ದ ಹಿಸ್ಪಾನಿಕ್ ಜನ 2020ಕ್ಕೆ 11 ಲಕ್ಷ ದಾಟಿದ್ದರು. ಊರಿನವರೆಲ್ಲ ಹೂಮಾಲೆ ಹಿಡಿದು ಸ್ವಾಗತಿಸಲಿಲ್ಲ. 2000ದ ಫೆಬ್ರವರಿಯಲ್ಲಿ ಡೇವಿಡ್ ಡ್ಯೂಕ್ ಎಂಬ ಜನಾಂಗದ್ವೇಷಿ ನಾಯಕ ಸೈಲರ್ ಸಿಟಿಯ ಟೌನ್ ಹಾಲ್ ಮುಂದೆಯೇ ಇವರ ವಿರುದ್ಧ ಸಭೆ ನಡೆಸಿದ. ನಾಲ್ಕು ವರ್ಷದ ನಂತರ ಅದೇ ಊರಿನ ಹೈಸ್ಕೂಲಿನ ಫುಟ್‌ಬಾಲ್ ತಂಡ, ಬಹುತೇಕ ಈ ವಲಸಿಗರ ಮಕ್ಕಳು, ರಾಜ್ಯ ಚಾಂಪಿಯನ್ ಆಯಿತು.

ಕೋಳಿ ಕಂಪನಿಗಳ ಕತೆಯೂ ನೆಟ್ಟಗಿಲ್ಲ. ಒಂದು 2008ರಲ್ಲಿ ಬಾಗಿಲು ಹಾಕಿತು. ಇನ್ನೊಂದು ದಿವಾಳಿಯಾಗಿ, 2011ರಲ್ಲಿ ಉಕ್ರೇನಿನವರ ಒಡೆತನಕ್ಕೆ ಹೋಗಿ, ಅದೇ ವರ್ಷ ಅದೂ ನಿಂತಿತು. ಹೊಸ ಘಟಕ ಶುರುವಾಗಲು 2019 ಬರಬೇಕಾಯಿತು. ನಡುವಿನ ವರ್ಷಗಳಲ್ಲಿ ಜನ ಏನು ಮಾಡಿದರು? ಗೋಡೆಗೆ ಡ್ರೈವಾಲ್ ಹಲಗೆ ಹೊಡೆದರು, ಬಣ್ಣ ಬಳಿದರು, ಕಚೇರಿ ಗುಡಿಸಿದರು, ಅಡುಗೆ ಮಾಡಿ ಮಾರಿದರು. ನನ್ನಲ್ಲಿಗೆ ಬರುವ ಹಲವರ ಉದ್ಯಮ ಹುಟ್ಟಿದ್ದು ಹೀಗೆ. ಯಾವ ಅಭಿವೃದ್ಧಿ ಯೋಜನೆಯ ವರದಿಯಲ್ಲೂ ಇದು ಸೇರಿರುವುದಿಲ್ಲ.

ಪುಪುಸಾ ಮಾರಲು ಏನೇನು ಬೇಕು ನೋಡಿ. ತಳ್ಳುಗಾಡಿ ಸಾಕು ಅಂದುಕೊಳ್ಳುತ್ತೀರಿ. ಈ ರಾಜ್ಯದ ಆರೋಗ್ಯ ನಿಯಮದಲ್ಲಿ ಬಹಳ ಕಾಲ ತಳ್ಳುಗಾಡಿಯ ಮೇಲೆ ತಯಾರಿಸಿ ಕೊಡಬಹುದಾದ ತಿಂಡಿ ಒಂದೇ ಒಂದು, ಹಾಟ್ ಡಾಗ್! ಉಳಿದದ್ದೆಲ್ಲ ಬೇರೆಡೆ ಮಾಡಿ, ಒಂದೊಂದಾಗಿ ಸುತ್ತಿ ತಂದಿರಬೇಕಿತ್ತು. ಹಾಗಾಗಿ ಫುಡ್ ಟ್ರಕ್ ಬೇಕಾಯಿತು. ಟ್ರಕ್ ಇದ್ದರೆ ಸಾಲದು, ಪರವಾನಗಿ ಇರುವ ಒಂದು ಅಡುಗೆಮನೆಯ ಜೊತೆ ಒಪ್ಪಂದವಿರಬೇಕು; ಟ್ರಕ್ಕು ದಿನಾ ಅಲ್ಲಿಗೆ ಹೋಗಿ ಕೊಳಚೆ ನೀರು ಚೆಲ್ಲಿ, ಹೊಸ ನೀರು ತುಂಬಿ, ತೊಳೆದುಕೊಂಡು ಬರಬೇಕು. ಆಮೇಲೆ ಕೌಂಟಿ ಆರೋಗ್ಯ ಇಲಾಖೆಯ ತಪಾಸಣೆ. ಎಲ್‌ಎಲ್‌ಸಿ ಕಂಪನಿ ನೋಂದಾಯಿಸಲು 125 ಡಾಲರ್. ಪ್ರತಿವರ್ಷದ ವರದಿಗೆ 200 ಡಾಲರ್, ಅದನ್ನು ಮರೆತರೆ ಕಂಪನಿಯೇ ರದ್ದಾಗುವ ಹಾದಿ. ಮಾರಾಟ ತೆರಿಗೆಯ ನೋಂದಣಿ ಬೇರೆ. ಇವಾವುದೂ ಅನ್ಯಾಯದ ನಿಯಮವಲ್ಲ. ಕೊಳಚೆ ನೀರನ್ನು ರಸ್ತೆಗೆ ಬಿಡಬೇಡಿ ಅನ್ನುವುದು ತಪ್ಪೇ? ಆದರೆ ಇಷ್ಟೂ ಕಾಗದ ಇಂಗ್ಲಿಷಿನಲ್ಲಿದ್ದು, ಕೇಳಲು ಹೋದಾಗ ಕೌಂಟರಿನಲ್ಲಿ ಸ್ಪ್ಯಾನಿಷ್ ಬಲ್ಲವರು ಇಲ್ಲದಿದ್ದರೆ ಒಂದು ಟ್ರಕ್ಕು ತಿಂಗಳುಗಟ್ಟಲೆ ಹಿತ್ತಲಲ್ಲಿ ನಿಂತುಬಿಡುತ್ತದೆ. ಟ್ರಕ್ಕಿನ ಸಾಲದ ಕಂತು ನಿಲ್ಲುವುದಿಲ್ಲ.

ಇಲ್ಲಿ ಕೈ ಹಿಡಿಯುವುದು ಕಮ್ಯುನಿಟಿ ಕಾಲೇಜುಗಳ ಸಣ್ಣ ಉದ್ಯಮ ಕೇಂದ್ರ. ರಾಜ್ಯದಲ್ಲಿ 58 ಕಮ್ಯುನಿಟಿ ಕಾಲೇಜುಗಳಿವೆ, ಪ್ರತಿಯೊಂದರಲ್ಲೂ ಇಂಥ ಕೇಂದ್ರವಿದೆ. ಸಲಹೆ ಪುಕ್ಕಟೆ, ಗುಟ್ಟು ಹೊರಗೆ ಹೋಗುವುದಿಲ್ಲ. ಸೈಲರ್ ಸಿಟಿಯಲ್ಲಿ 1995ರಿಂದ ಎಲ್ ವಿಂಕುಲೊ ಇಸ್ಪಾನೊ ಎಂಬ ಸಂಸ್ಥೆ ಇದೆ, ಭಾಷೆ ಬಾರದವರ ಪರವಾಗಿ ಕಚೇರಿಗಳ ಜೊತೆ ಮಾತಾಡಲು ಹುಟ್ಟಿಕೊಂಡದ್ದು. ಒಬ್ಬ ದ್ವಿಭಾಷಾ ಸಲಹೆಗಾರರ ಸಂಬಳ ಎಷ್ಟಾದೀತು? 120 ಕೋಟಿಯ ಪಕ್ಕದಲ್ಲಿ ಬರೆಯಲು ನಾಚಿಕೆಯಾಗುವಷ್ಟು.

ಪರವಾನಗಿಗಿಂತ ಕಷ್ಟದ ಸಂಗತಿ ಬ್ಯಾಂಕು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1990ರ ದಶಕದ ಕೊನೆಗೆ ಇಲ್ಲಿನ ಡರಂ ನಗರದಲ್ಲಿ ಕಳ್ಳರಿಗೆ ಒಂದು ವಿಷಯ ಗೊತ್ತಾಗಿತ್ತು. ಶುಕ್ರವಾರ ಬಟವಾಡೆಯಾದ ಮೇಲೆ ಸ್ಪ್ಯಾನಿಷ್ ಮಾತಾಡುವ ಕೂಲಿಕಾರರ ಜೇಬಿನಲ್ಲಿ ನಗದು ಇರುತ್ತದೆ. ಬ್ಯಾಂಕು ಖಾತೆ ಕೊಡುವುದಿಲ್ಲ, ಪೊಲೀಸರ ಹತ್ತಿರ ಹೋಗಲು ಅವರಿಗೆ ಭಯ. ಸುಲಿಗೆ ಮೇಲೆ ಸುಲಿಗೆ ನಡೆಯಿತು. ಆಗ 1992ರಿಂದ ಅಲ್ಲಿದ್ದ ಎಲ್ ಸೆಂತ್ರೊ ಇಸ್ಪಾನೊ, ರಾಜ್ಯ ಸರ್ಕಾರಿ ನೌಕರರ ಸಹಕಾರಿ ಪತ್ತಿನ ಸಂಸ್ಥೆ, ಸೆಲ್ಫ್-ಹೆಲ್ಪ್ ಎಂಬ ಸಾಲಸಂಸ್ಥೆ ಮುಂತಾದವು ಕೂಡಿ 2000ದಲ್ಲಿ ಲ್ಯಾಟಿನೊ ಕಮ್ಯುನಿಟಿ ಕ್ರೆಡಿಟ್ ಯೂನಿಯನ್ ಕಟ್ಟಿದವು. ಸ್ಥಾಪಕರಲ್ಲಿ ಒಬ್ಬರಾದ ಕೋಸ್ಟರಿಕಾ ಮೂಲದ ಜಾನ್ ಹೆರೇರಾ ಮರುವರ್ಷ ಹತ್ತಿರದ ಕ್ಯಾರ್ಬರೊ ಪಟ್ಟಣದ ಆಡಳಿತಕ್ಕೂ ಚುನಾಯಿತರಾದರು. ಠೇವಣಿದಾರರೇ ಮಾಲೀಕರು, ಕೌಂಟರಿನಲ್ಲಿ ಕೂತವರಿಗೆ ಎರಡೂ ಭಾಷೆ ಬರುತ್ತದೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಪತ್ತಿನ ಸಹಕಾರ ಸಂಘದ ಬಗ್ಗೆ ಓದಿದ ಕನ್ನಡಿಗರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಡರಂ ನಗರಕ್ಕೂ ಇದು ಹೊಸದಲ್ಲ. ಬಿಳಿಯರ ಬ್ಯಾಂಕು ಬಾಗಿಲು ಮುಚ್ಚಿದಾಗ ಅಲ್ಲಿನ ಕಪ್ಪು ಜನ 1907ರಲ್ಲೇ ತಮ್ಮದೇ ಮೆಕ್ಯಾನಿಕ್ಸ್ ಅಂಡ್ ಫಾರ್ಮರ್ಸ್ ಬ್ಯಾಂಕ್ ಸ್ಥಾಪಿಸಿಕೊಂಡಿದ್ದರು. ಸೆಲ್ಫ್-ಹೆಲ್ಪ್ ಸಂಸ್ಥೆ ತನ್ನದೇ ಕ್ರೆಡಿಟ್ ಯೂನಿಯನ್ ಶುರುಮಾಡಿದಾಗ ಅದರ ಮೂಲ ಬಂಡವಾಳ, ಮನೆಯಲ್ಲಿ ಬೇಯಿಸಿದ ಕೇಕು ಬಿಸ್ಕತ್ತು ಮಾರಿ ಬಂದ 77 ಡಾಲರ್.

ಲ್ಯಾಟಿನೊ ಕ್ರೆಡಿಟ್ ಯೂನಿಯನ್ ಐಟಿನ್ ಸಂಖ್ಯೆಯ ಮೇಲೆ ಖಾತೆ, ಸಾಲ ಕೊಡುತ್ತದೆ. ಐಟಿನ್ ಅಂದರೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ತೆರಿಗೆ ಕಟ್ಟಲಷ್ಟೇ ಕೊಡುವ ಒಂಬತ್ತಂಕಿಯ ಸಂಖ್ಯೆ, 9ರಿಂದ ಶುರುವಾಗುತ್ತದೆ. 1996ರಿಂದ ಜಾರಿಯಲ್ಲಿದೆ. ಕನ್ನಡದವರ ಕೂಟದಲ್ಲಿ ಐಟಿನ್ ಅಂದರೆ "ಓ, ಆ ಜನರದ್ದಲ್ವಾ" ಎಂದು ಮುಖ ತಿರುಗಿಸುವವರಿದ್ದಾರೆ. ಸ್ವಾಮೀ, ನನ್ನ ಮೊದಲ ಅಮೆರಿಕನ್ ಗುರುತು ಅದೇ. ಗಂಡನ ವೀಸಾದ ಬಾಲವಾಗಿ ಎಚ್-4 ಮೇಲೆ ಬಂದ ಹೆಂಡತಿಯರಿಗೆ ಸೋಶಿಯಲ್ ನಂಬರ್ ಇಲ್ಲ. ಜಂಟಿ ತೆರಿಗೆ ಸಲ್ಲಿಸಲು ಡಬ್ಲ್ಯೂ-7 ಫಾರಂ ತುಂಬಿ ಐಟಿನ್ ತೆಗೆಸಿಕೊಳ್ಳಬೇಕು. ಮೂರು ವರ್ಷ ಸತತ ಬಳಸದಿದ್ದರೆ ಅದು ಸತ್ತೂ ಹೋಗುತ್ತದೆ. ಕೆಲಸ ಮಾಡುವ ಅನುಮತಿ ಎಚ್-4 ಹೆಂಡತಿಯರಲ್ಲಿ ಕೆಲವರಿಗಾದರೂ ಸಿಕ್ಕಿದ್ದು 2015ರಲ್ಲಿ. ಅಲ್ಲಿಯ ತನಕ ಓದಲು ಅಡ್ಡಿಯಿರಲಿಲ್ಲ. ಕಮ್ಯುನಿಟಿ ಕಾಲೇಜಿಗೆ ಹೋಗಿ ನಾನು ಲೆಕ್ಕಶಾಸ್ತ್ರದ ಜೊತೆ ಸ್ಪ್ಯಾನಿಷ್ ಕಲಿತೆ. ನನ್ನದು ತಿಪಟೂರಿನ ಸ್ಪ್ಯಾನಿಷ್, ಆದರೂ ನನ್ನ ಗಿರಾಕಿಗಳಿಗೆ ಅರ್ಥವಾಗುತ್ತದೆ.

ಬ್ಯಾಂಕು ಸಿಗದಿದ್ದ ಕಾಲದಲ್ಲಿ, ಈಗಲೂ ಎಷ್ಟೋ ಮಂದಿ, ಚೀಟಿ ಹಾಕುತ್ತಾರೆ. ಹತ್ತು ಹನ್ನೆರಡು ಜನ ವಾರವಾರ ದುಡ್ಡು ಹಾಕುವುದು, ಸರದಿಯಂತೆ ಒಬ್ಬೊಬ್ಬರು ಎತ್ತುವುದು. ನನ್ನ ಗಿರಾಕಿಯ ಟ್ರಕ್ಕಿನ ಮುಂಗಡ ಬಂದದ್ದು ಹಾಗೆ. ಅವರು ವಿವರಿಸುತ್ತಿದ್ದಾಗ "ಕೊನೆಯಲ್ಲಿ ಎತ್ತುವವರಿಗೆ ಧೈರ್ಯ ಹೆಚ್ಚು ಬೇಕು ಅಲ್ಲವಾ?" ಅಂತ ಕೇಳಿದೆ. "ಸೆನ್ಯೋರಾ, ನಿಮಗೆ ಇದು ಹೇಗೆ ಗೊತ್ತು?" ಅಂದರು. ತಿಪಟೂರಿನಲ್ಲಿ ನಮ್ಮಮ್ಮ ಚೀಟಿ ಎತ್ತಿಯೇ ನನ್ನ ಕಾಲೇಜಿನ ಫೀಸು ಕಟ್ಟಿದ್ದು ಎಂದೆ. ಅಂದಿನಿಂದ ರಸೀದಿಗಳನ್ನು ಡಬ್ಬಿಯಲ್ಲಿ ತುಂಬಿ ತರುವ ಬದಲು ತಾರೀಖಿನ ಪ್ರಕಾರ ಜೋಡಿಸಿ ತರುತ್ತಾರೆ. ಚೀಟಿಯಲ್ಲಿ ಒಂದೇ ಕೊರತೆ: ಎಷ್ಟು ವರ್ಷ ನಿಯತ್ತಾಗಿ ಕಟ್ಟಿದರೂ ಅದು ಕ್ರೆಡಿಟ್ ಸ್ಕೋರಿನಲ್ಲಿ ಕಾಣುವುದಿಲ್ಲ. ಕ್ರೆಡಿಟ್ ಯೂನಿಯನ್ನಿನ ಸಣ್ಣ ಸಾಲ ಕಾಣುತ್ತದೆ.

ಇನ್ನು ನನ್ನ ನಿಜವಾದ ತಕರಾರು. ದೊಡ್ಡ ಕಂಪನಿಯನ್ನು ಕರೆತರುವವರು ಒಂದು ಕಟ್ಟಡದಲ್ಲಿದ್ದಾರೆ, ಸಣ್ಣ ಉದ್ಯಮಕ್ಕೆ ಸಲಹೆ ಕೊಡುವವರು ಇನ್ನೊಂದರಲ್ಲಿ. ಕಾರ್ಖಾನೆ ಬಂದರೆ ಊರಿಗೆಲ್ಲ ವ್ಯಾಪಾರ ಎನ್ನುತ್ತಾರೆ. ನಿಜ, ಸಾವಿರಾರು ಜನ ಕಟ್ಟಡ ಕೆಲಸಕ್ಕೆ ಬರುತ್ತಾರೆ. ಡ್ರೈವಾಲ್ ಬೇಕು, ಬಣ್ಣ ಬೇಕು, ಗುಡಿಸುವವರು ಬೇಕು, ಮಧ್ಯಾಹ್ನದ ಊಟ ಬೇಕು. ಇದನ್ನೆಲ್ಲ ಬಲ್ಲ ಮೇಸ್ತ್ರಿಗಳು ಸೈಲರ್ ಸಿಟಿಯಲ್ಲೇ ಇದ್ದಾರೆ. ಆದರೆ ಮುಖ್ಯ ಗುತ್ತಿಗೆದಾರನ ಗೇಟು ದಾಟಲು ಕೆಲಸ ಗೊತ್ತಿದ್ದರೆ ಸಾಲದು. ಕೆಲಸಗಾರರ ವಿಮೆಯ ಸರ್ಟಿಫಿಕೇಟ್ ಬೇಕು. ಈ ರಾಜ್ಯದ ಕಾನೂನಿನ ಪ್ರಕಾರ ಮೂರು ಅಥವಾ ಹೆಚ್ಚು ಕೆಲಸಗಾರರಿದ್ದರೆ ಮಾತ್ರ ವಿಮೆ ಕಡ್ಡಾಯ; ಮೇಲಿನ ಗುತ್ತಿಗೆದಾರ ಒಬ್ಬನೇ ದುಡಿಯುವವನಿಂದಲೂ ಕೇಳುತ್ತಾನೆ. ಅದಕ್ಕಾಗಿ ಇಲ್ಲಿ "ಘೋಸ್ಟ್ ಪಾಲಿಸಿ" ಮಾರುತ್ತಾರೆ, ದೆವ್ವದ ವಿಮೆ. ಕಂತು ಕಟ್ಟಬೇಕು, ಒಳಗೆ ಯಾರಿಗೂ ರಕ್ಷಣೆ ಇಲ್ಲ, ಸರ್ಟಿಫಿಕೇಟ್ ಮಾತ್ರ ಸಿಗುತ್ತದೆ. ಏಣಿಯಿಂದ ಬಿದ್ದರೆ ಸ್ವಂತ ಖರ್ಚು.

ವಿಮೆ ಹೇಗೋ ಆಯಿತು ಅನ್ನಿ, ಬಿಲ್ಲು? ದೊಡ್ಡ ಯೋಜನೆಗಳಲ್ಲಿ ಬಿಲ್ ಪಾಸಾಗಿ ಹಣ ಕೆಳಗಿಳಿಯಲು ಎರಡು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಮೇಸ್ತ್ರಿ ತನ್ನ ಆಳುಗಳಿಗೆ ಪ್ರತಿ ಶುಕ್ರವಾರ ಕೂಲಿ ಕೊಡಲೇಬೇಕು. ಎಂಟು ಶುಕ್ರವಾರದ ಬಟವಾಡೆಯನ್ನು ಕೈಯಿಂದ ಹಾಕಬಲ್ಲವನು ದೊಡ್ಡ ಕೆಲಸ ಹಿಡಿಯುತ್ತಾನೆ. ಹಾಕಲಾರದವನು ಅವನ ಕೈಕೆಳಗೆ ದಿನಗೂಲಿಗೆ ಹೋಗುತ್ತಾನೆ, ಲಾಭದ ಅಂಶ ನಡುವಿನವನ ಪಾಲಿಗೆ. ಕಾನೂನು ಇಲ್ಲವೇ? ಇದೆ. ಮೇಲಿನವನು ತನಗೆ ಹಣ ಬಂದ ಏಳು ದಿನದೊಳಗೆ ಕೆಳಗಿನವನಿಗೆ ಕೊಡಬೇಕು, ತಡವಾದರೆ ತಿಂಗಳಿಗೆ ಶೇ. 1 ಬಡ್ಡಿ. ಎಣಿಕೆ ಶುರುವಾಗುವುದು ಮೇಲಿನವನ ಕೈಗೆ ಹಣ ಬಂದ ದಿನದಿಂದ, ಗೋಡೆ ಎದ್ದ ದಿನದಿಂದಲ್ಲ. ನನ್ನ ತಮ್ಮ ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿದ್ದಾನೆ. ಭಾರತದಲ್ಲಿ 2006ರ ಕಾಯ್ದೆ ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕು ಎನ್ನುತ್ತದೆ. "ಅಕ್ಕಾ, ಕಾಯ್ದೆ ತೋರಿಸಿದರೆ ಮುಂದಿನ ಆರ್ಡರ್ ಬರಲ್ಲ" ಎನ್ನುತ್ತಾನೆ. ಸೈಲರ್ ಸಿಟಿಯ ಮೇಸ್ತ್ರಿಯೂ ಸ್ಪ್ಯಾನಿಷ್‌ನಲ್ಲಿ ಇದನ್ನೇ ಹೇಳಿದ.

ಕಂಪನಿಗೆ ಕೋಟಿಗಟ್ಟಲೆ ಕೊಡುವಾಗ ಎಷ್ಟು ಕೆಲಸ, ಎಷ್ಟು ಸಂಬಳ ಎಂದು ಬರೆಸಿಕೊಳ್ಳುವ ಸರ್ಕಾರ, ನಿಮ್ಮ ಜಾಗದಲ್ಲಿ ದುಡಿಯುವ ಇಂತಿಷ್ಟು ಸಣ್ಣ ಗುತ್ತಿಗೆದಾರರಿಗೆ ಹದಿನೈದು ದಿನದಲ್ಲಿ ಹಣ ಸಿಗಬೇಕು ಎಂದು ಇನ್ನೊಂದು ಸಾಲು ಸೇರಿಸಬಹುದು. ಖಜಾನೆಗೆ ಒಂದು ಸೆಂಟೂ ಖರ್ಚಿಲ್ಲ. ಅದನ್ನು ಸೇರಿಸಿ ಎಂದು ಕೇಳುವ ಜಾಗವೂ ಇದೆ. ಕೌಂಟಿ ಇಂಥ ಸವಲತ್ತು ಕೊಡುವ ಮುನ್ನ ಬಹಿರಂಗ ಅಹವಾಲು ಸಭೆ ನಡೆಸಲೇಬೇಕೆಂದು ರಾಜ್ಯದ ಕಾನೂನು ಹೇಳುತ್ತದೆ. ಇಂಥ ಸಭೆಗಳಿಗೆ ನಾನು ಹೋಗುವುದುಂಟು. ಕಂಪನಿಯ ವಕೀಲರು, ವಾಣಿಜ್ಯ ಮಂಡಳಿಯವರು, ರಸ್ತೆಗೆ ಮರ ಕಡಿಯಬೇಡಿ ಎನ್ನುವ ನಿವೃತ್ತರು ಬಂದಿರುತ್ತಾರೆ. ಮೈಕಿನ ಮುಂದೆ ತಲೆಗೆ ಮೂರು ನಿಮಿಷ. ಸ್ಪ್ಯಾನಿಷ್ ಮಾತಾಡುವ ವ್ಯಾಪಾರಿ ಒಬ್ಬರೂ ಇರುವುದಿಲ್ಲ. ಆಸಕ್ತಿ ಇಲ್ಲವೆಂದಲ್ಲ, ಸಭೆ ಇರುವುದು ಸಂಜೆ. ಆ ಹೊತ್ತಿಗೆ ಪುಪುಸಾ ಟ್ರಕ್ಕಿನ ಮುಂದೆ ಸಾಲು ನಿಂತಿರುತ್ತದೆ. ಟ್ರಕ್ಕುಗಳಲ್ಲಿ ಹೆಚ್ಚಿನವಕ್ಕೆ ಸೋಮವಾರ ರಜೆ. ಸಭೆಯನ್ನು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟು, ಪಕ್ಕದಲ್ಲಿ ಒಬ್ಬ ದುಭಾಷಿಯನ್ನು ಕೂರಿಸಿದರೆ ಯಾರು ಬರುತ್ತಾರೆ ನೋಡಬಹುದು.